ಹಸಿದ ಮಗುವಿನ ಫೋಟೋ ಬೇಡ ಅನ್ನುವ ಅಧಿಕಾರ ನಿಮಗಿರುತ್ತದೆಯೇ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಕೆಲವು ವರ್ಷ ಕನ್ನಡ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದೆ. ಈಗ ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆಯ ಸಂವಹನ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಹಸಿವಿನ ವಿರುದ್ಧ ಕೆಲಸ ಮಾಡುವ ಒಂದು ಅಂತರರಾಷ್ಟ್ರೀಯ ಸಂಸ್ಥೆ ಸಂವಹನ ಮುಖ್ಯಸ್ಥೆಯ ಹುದ್ದೆಗೆ ಕರೆದಿದೆ. ನೈರೋಬಿಯಲ್ಲಿ ಇರಬೇಕು. ಸಂದರ್ಶನದಲ್ಲಿ ಮುಖದ ಮೇಲೆ ನೊಣ ಕೂತ ಒಂದು ಮಗುವಿನ ಫೋಟೋ ಕೊಟ್ಟು, ದಾನ ಕೇಳುವ ಪತ್ರ ಬರೆಸಿದರು. ಬರೆದೆ. ಆದರೆ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಜನ ಕಾಯಿಲೆ ಬಿದ್ದ ಕಾಲದಲ್ಲಿ ನಮ್ಮ ಊರಿನ ಮನೆಗಳಿಗೆ ಕ್ಯಾಮೆರಾ ಬಂದದ್ದನ್ನು ನೋಡಿಯೇ ನಾನು ಬೆಳೆದದ್ದು. ಮನಸ್ಸು ಒಪ್ಪುತ್ತಿಲ್ಲ. ಸೋದರಮಾವ ‘ಬಡವರನ್ನು ತೋರಿಸಿ ದುಡ್ಡು ಮಾಡುವ ಕೆಲಸ, ಸುಮ್ನೆ ಬಿಟ್ಟುಬಿಡು’ ಎನ್ನುತ್ತಾರೆ. ಹಸಿವಿನ ಅಂಕಿಅಂಶಗಳೆಲ್ಲ ಉತ್ಪ್ರೇಕ್ಷೆ ಎಂದೂ ಹೇಳುತ್ತಾರೆ. ನನ್ನ ಇಂಗ್ಲಿಷ್ ಸಾಕಾಗುತ್ತದೋ, ಕೆಲಸ ಉಳಿಯುತ್ತದೋ ಎಂಬ ಭಯವೂ ಇದೆ. ಸೇರಬಹುದೇ?

ಉತ್ತರ: ನೀವು ನಾಲ್ಕೈದು ವಿಷಯ ಕೇಳಿದ್ದೀರಿ. ಆದರೆ ನಿಮ್ಮನ್ನು ನಿಜಕ್ಕೂ ಕಾಡುತ್ತಿರುವುದು ಆ ಫೋಟೋ, ಅಲ್ವಾ? ಅದನ್ನೇ ಮೊದಲು ನೋಡೋಣ. ಇಂಗ್ಲಿಷು, ಸಂಬಳ, ಭದ್ರತೆ ಆಮೇಲೆ.

ನಿಮ್ಮ ಮಾವ ಹೇಳಿದ್ದರಲ್ಲಿ ನಿಜ ಇದೆ. ಅಳುವ ಮುಖ ಹಾಕಿದರೆ ಹಣ ಬರುತ್ತದೆ. ‘ಈಗ ಹಾಗೆಲ್ಲ ಇಲ್ಲ, ನಗುವ ಮುಖಕ್ಕೂ ಜನ ಅಷ್ಟೇ ಕೊಡುತ್ತಾರೆ’ ಎಂದು ಸಂಸ್ಥೆಯವರು ಹೇಳಿದರೆ ಪೂರ್ತಿ ನಂಬಬೇಡಿ. 2007ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನ ಇದೆ. ಮಾಲಿ ದೇಶದ ಒಬ್ಬ ಪುಟ್ಟ ಹುಡುಗಿಯ ಕಥೆಯನ್ನು ಕೆಲವರಿಗೆ ತೋರಿಸಿದರು. ಇನ್ನು ಕೆಲವರಿಗೆ ಲಕ್ಷಾಂತರ ಜನರ ಹಸಿವಿನ ಅಂಕಿಅಂಶ ಕೊಟ್ಟರು. ಮತ್ತೆ ಕೆಲವರಿಗೆ ಎರಡನ್ನೂ. ಹುಡುಗಿಯ ಕಥೆ ಮಾತ್ರ ಓದಿದವರೇ ಜಾಸ್ತಿ ಹಣ ಕೊಟ್ಟರು. ಕಥೆಯ ಜೊತೆ ಅಂಕಿಅಂಶ ಸೇರಿಸಿದಾಗ ದಾನ ಕಡಿಮೆಯಾಯಿತು! ನಿಧಿ ಸಂಗ್ರಹಿಸುವವರು ಒಂದೇ ಮಗು, ಒಂದೇ ಮುಖ ಎಂದು ಹಟ ಹಿಡಿಯುವುದಕ್ಕೆ ಕಾರಣ ಇದು. ಅವರೇನೂ ಕೆಟ್ಟವರಲ್ಲ. ಅವರ ಲೆಕ್ಕ ಈ ತಿಂಗಳದ್ದು, ಅಷ್ಟೆ.

ಆದರೆ ಈ ತಿಂಗಳು ಬಂದ ಹಣಕ್ಕೆ ಹತ್ತು ವರ್ಷದ ನಂತರ ಒಂದು ಬೆಲೆ ಕೊಡಬೇಕಾಗುತ್ತದೆ. 1984ರ ಅಕ್ಟೋಬರಿನಲ್ಲಿ ಇಥಿಯೋಪಿಯಾದ ಬರಗಾಲದ ವರದಿ ಬಿಬಿಸಿಯಲ್ಲಿ ಬಂತು. 1985ರ ಜುಲೈನಲ್ಲಿ ಲೈವ್ ಏಡ್ ಸಂಗೀತ ಕಾರ್ಯಕ್ರಮ ನಡೆಯಿತು. ರಾಶಿ ಹಣ ಬಂತು, ಜೀವ ಉಳಿಯಿತು, ಅದು ನಿಜ. ಸುಮಾರು ಹದಿನೈದು ವರ್ಷ ಕಳೆದ ಮೇಲೆ ವಿಎಸ್‌ಒ ಎಂಬ ಸಂಸ್ಥೆ ಬ್ರಿಟನ್ನಿನ ಜನರನ್ನು ಕೇಳಿತು. ಬಡ ದೇಶಗಳು ಎಂದರೆ ಬರ, ಅನಾಹುತ, ಪಾಶ್ಚಾತ್ಯರ ಸಹಾಯ ಇಷ್ಟೇ ಎಂಬ ಚಿತ್ರ ನೂರರಲ್ಲಿ 80 ಮಂದಿಯ ತಲೆಯಲ್ಲಿ ಉಳಿದಿತ್ತು. ಇಥಿಯೋಪಿಯಾದಲ್ಲಿ ಆಗ ಅಂತರ್ಯುದ್ಧ ನಡೆಯುತ್ತಿತ್ತು, ಆಹಾರ ಹೋಗದಂತೆ ಮಾಡಿದ್ದು ಯುದ್ಧವೂ ಹೌದು ಎಂಬುದು ಆ ಫೋಟೋಗಳಲ್ಲಿ ಎಲ್ಲಿಯೂ ಕಾಣಲಿಲ್ಲ.

ಇದು ನಿಮಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ, ಯಾಕೆಂದರೆ ನಿಮ್ಮ ಊರಿನ ಫೋಟೋಗಳ ಕಥೆ ಬೇರೆ ಥರ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಸಿಂಪಡಿಸಿದ್ದು ಯಾರು ಎಂದು ಆ ಫೋಟೋಗಳ ಜೊತೆಯಲ್ಲೇ ಹೇಳಲಾಗಿತ್ತು. ಫೋಟೋಗಳು ಜಗತ್ತಿಗೆ ಹೋಗುವ ಮೊದಲೇ ವಾಣೀನಗರದ ಡಾ. ವೈ.ಎಸ್. ಮೋಹನ್ ಕುಮಾರ್ ಸುತ್ತಲಿನ ಮನೆಗಳ ಕಾಯಿಲೆಗಳನ್ನು ಗಮನಿಸಿ ಬರೆದಿದ್ದರು. ಪತ್ರಕರ್ತ ಶ್ರೀ ಪಡ್ರೆ ಅದರ ಬೆನ್ನು ಹತ್ತಿದ್ದರು. ಅಂದರೆ ಪ್ರತಿ ಫೋಟೋದ ಹಿಂದೆ ಒಂದು ಕಾರಣ ಇತ್ತು, ಒಂದು ಬೇಡಿಕೆ ಇತ್ತು. 2011ರಲ್ಲಿ ವಿಷಕಾರಿ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದಿತು. ಇದಕ್ಕೆ ಫೋಟೋಗಳೂ ನೆರವಾದವು.

ಹಸಿದ ಮಗುವಿನ ಫೋಟೋದಲ್ಲಿ ಸಾಮಾನ್ಯವಾಗಿ ಇದೇ ಇರುವುದಿಲ್ಲ. ಅಲ್ಲಿ ಹಸಿವು ಆಟಿ ತಿಂಗಳ ಮಳೆಯ ಹಾಗೆ ಆಕಾಶದಿಂದ ಬಿದ್ದದ್ದು. ಯಾರೂ ತಂದದ್ದಲ್ಲ, ಯಾರೂ ಉತ್ತರ ಕೊಡಬೇಕಾಗಿಲ್ಲ. ನನ್ನ ಮಟ್ಟಿಗೆ ನೊಣ ಕೂತ ಮುಖಕ್ಕಿಂತ ದೊಡ್ಡ ತೊಂದರೆ ಇದು. ಆ ಊರಿನ ಗೋದಾಮಿನಲ್ಲಿ ಧಾನ್ಯ ಇತ್ತೇ? ರಸ್ತೆ ಮುಚ್ಚಿದ್ದು ಯಾರು? ಬೆಲೆ ಎಷ್ಟು ಏರಿತು? ಇದನ್ನು ಹೇಳದೆ ಮುಖ ಮಾತ್ರ ತೋರಿಸಿದರೆ ಅದು ಪೂರ್ತಿ ಸತ್ಯ ಅಲ್ಲ.

1943ರ ಬಂಗಾಳ ನೆನಪಿಸಿಕೊಳ್ಳಿ. ಕ್ಷಾಮ ಎಂಬ ಮಾತನ್ನೇ ಹೊರಗೆ ಬರಲು ಬಿಡದ ಬ್ರಿಟಿಷ್ ಆಡಳಿತ ಅದು. ಕಲ್ಕತ್ತದ ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆ ಆಗಸ್ಟಿನಲ್ಲಿ ಬೀದಿಯಲ್ಲಿ ಸಾಯುತ್ತಿದ್ದವರ ಫೋಟೋ ಹಾಕಿದರು, ಸರಕಾರದ ವೈಫಲ್ಯದ ಬಗ್ಗೆ ಖಾರವಾಗಿ ಬರೆದರು. ಆ ಚಿತ್ರಗಳು ಸೌಮ್ಯವೇನಲ್ಲ, ನೋಡಲಾಗದಂಥವು. ಆದರೂ ನಾನು ಅವನ್ನು ಸರಿ ಎನ್ನುತ್ತೇನೆ, ಯಾಕೆಂದರೆ ಅವು ಉತ್ತರ ಕೇಳಿದ್ದು ಅಧಿಕಾರದಲ್ಲಿದ್ದವರಿಂದ. ಕರುಳು ಹಿಂಡುವ ಫೋಟೋ ಎಂದೂ ಬೇಡ ಎನ್ನುವ ಮಡಿವಂತಿಕೆ ನನಗಿಲ್ಲ.

ಈಗ ಒಪ್ಪಿಗೆಯ ವಿಷಯ. ಎಲ್ಲ ದೊಡ್ಡ ಸಂಸ್ಥೆಗಳಲ್ಲೂ ಒಪ್ಪಿಗೆ ಪತ್ರ ಇರುತ್ತದೆ. ಫೋಟೋ ತೆಗೆಸಿಕೊಂಡವರು ಸಹಿ ಹಾಕುತ್ತಾರೆ ಅಥವಾ ಹೆಬ್ಬೆಟ್ಟು ಒತ್ತುತ್ತಾರೆ. ಫೈಲು ಗಟ್ಟಿ, ಕಾನೂನು ವಿಭಾಗಕ್ಕೆ ನೆಮ್ಮದಿ. ಗಡಿನಾಡಿನವರಿಗೆ ಇದರ ಒಳಗುಟ್ಟು ಗೊತ್ತು. ಮಲೆಯಾಳ ಓದಲು ಬಾರದ ನಮ್ಮ ಹಿರಿಯರು ವಿಲೇಜ್ ಆಫೀಸಿನಲ್ಲಿ ಮಲೆಯಾಳದ ಅರ್ಜಿಗೆ ಸಹಿ ಹಾಕಿ ಬಂದದ್ದಿಲ್ಲವೇ? ‘ಇಲ್ಲಿ ಹಾಕಿ’ ಎಂದು ಬೆರಳು ತೋರಿಸಿದಲ್ಲಿ ಹಾಕಿದ್ದು. ಅದನ್ನು ಒಪ್ಪಿಗೆ ಎನ್ನಬಹುದೇ? ಇಂಗ್ಲಿಷಿನಲ್ಲಿ ಅಚ್ಚಾದ ಪತ್ರಕ್ಕೆ ದಕ್ಷಿಣ ಸುಡಾನಿನ ಒಬ್ಬ ತಾಯಿ ಒತ್ತುವ ಹೆಬ್ಬೆಟ್ಟೂ ಅದೇ ಜಾತಿಯದು.

ಇನ್ನೂ ಒಂದು ಗಂಟು ಇದೆ. ಅಕ್ಕಿ ಚೀಲ ಕೊಡುವವರೇ ಪಕ್ಕದಲ್ಲಿ ನಿಂತು ಫೋಟೋ ಕೇಳಿದರೆ ಬೇಡ ಎನ್ನುವ ಧೈರ್ಯ ಯಾರಿಗಿರುತ್ತದೆ? ಮುಂದಿನ ತಿಂಗಳ ಚೀಲ ತಪ್ಪಿದರೆ ಎಂಬ ಹೆದರಿಕೆ ಸಹಜ. ಹಾಗಾಗಿ ನಾನು ಜೊತೆಗೆ ಕೆಲಸ ಮಾಡಿದ ತಂಡಗಳಲ್ಲಿ ಹಂಚಿಕೆ ಮುಗಿದ ಮೇಲೆಯೇ ಕೇಳುವುದು, ಹಂಚಿಕೆಗೆ ಸಂಬಂಧ ಇಲ್ಲದ ವ್ಯಕ್ತಿಯೇ ಕೇಳುವುದು ಎಂಬ ಕ್ರಮ ಇಟ್ಟುಕೊಂಡಿದ್ದೆವು. ಫೋಟೋ ಎಲ್ಲಿ ಬರಬಹುದು ಎಂದು ಬಾಯಲ್ಲಿ ಹೇಳಿದರೆ ಸಾಲದು. ಹಿಂದೆ ಅಚ್ಚಾದ ಒಂದು ಪೋಸ್ಟರ್, ಒಂದು ಬಸ್ ನಿಲ್ದಾಣದ ಹೋರ್ಡಿಂಗ್ ಚಿತ್ರ ತೋರಿಸಬೇಕು. ‘ನಿಮ್ಮ ಮುಖ ಇಷ್ಟು ದೊಡ್ಡದಾಗಿ ಬರುತ್ತದೆ, ನಿಮಗೆ ಗೊತ್ತಿಲ್ಲದವರೆಲ್ಲ ನೋಡುತ್ತಾರೆ’ ಎಂದಾಗ ಬೇಡ ಎಂದವರು ಇದ್ದಾರೆ. ಬೇಡ ಎಂದವರು ಇದ್ದರೆ ಮಾತ್ರ ನಿಮ್ಮ ಕ್ರಮ ಕೆಲಸ ಮಾಡುತ್ತಿದೆ ಎಂದು ಅರ್ಥ. ಎಲ್ಲರೂ ಹೂಂ ಎನ್ನುವ ಕಡೆ ನನಗೆ ಅನುಮಾನ.

ಯುದ್ಧದ ಜಾಗಗಳಲ್ಲಿ ಇದು ಮರ್ಯಾದೆಯ ಪ್ರಶ್ನೆ ಮಾತ್ರ ಅಲ್ಲ, ಜೀವದ ಪ್ರಶ್ನೆ. ಫೋಟೋದಲ್ಲಿ ಸ್ಥಳದ ಗುರುತು ಉಳಿದುಕೊಂಡರೆ ಓಡಿಬಂದವರನ್ನು ಹುಡುಕುವವರಿಗೆ ದಾರಿ ತೋರಿಸಿದಂತೆ. ಭಾರತದಲ್ಲಾದರೆ ಕಾನೂನೂ ಇದೆ. ದೌರ್ಜನ್ಯಕ್ಕೆ ಒಳಗಾದ ಅಥವಾ ರಕ್ಷಣೆಯ ಅಗತ್ಯ ಇರುವ ಮಕ್ಕಳ ಗುರುತು ಹೊರಗೆ ಬಿಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ತಡೆಯುತ್ತದೆ.

ಹಾಗಾದರೆ ಏನನ್ನು ತೋರಿಸುವುದು? ದೂರ ಹೋಗಬೇಕಾಗಿಲ್ಲ. ಕೇರಳದ ಅಂಗನವಾಡಿಗಳಲ್ಲಿ ಸಣ್ಣ ಮಕ್ಕಳಿಗೆ ಕೊಡುವ ಅಮೃತಂ ಪುಡಿ ಇದೆಯಲ್ಲ, ಅದಕ್ಕೆ ಕಾಸರಗೋಡಿನ ಸಿಪಿಸಿಆರ್‌ಐಯ (ಕೇಂದ್ರ ತೋಟಬೆಳೆ ಸಂಶೋಧನಾ ಸಂಸ್ಥೆ) ತಾಂತ್ರಿಕ ನೆರವು ಇತ್ತು. ಗೋಧಿ, ಕಡಲೆ, ಸೋಯಾ, ನೆಲಗಡಲೆ, ಸಕ್ಕರೆ ಸೇರಿಸಿ ಕುಟುಂಬಶ್ರೀ ಎಂಬ ಸ್ವಸಹಾಯ ಸಂಘಗಳ ಹೆಂಗಸರು ತಮ್ಮ ಘಟಕಗಳಲ್ಲೇ ತಯಾರಿಸುತ್ತಾರೆ. ಇಲ್ಲಿ ಮಗು ಇದೆ, ಹುರಿಯುವ ಕೈ ಇದೆ, ಸರಕಾರದ ಜವಾಬ್ದಾರಿ ಇದೆ, ಹಣ ತಡವಾದರೆ ಏನಾಗುತ್ತದೆ ಎಂಬ ಪ್ರಶ್ನೆಯೂ ಇದೆ. ಇಂಥ ಕಥೆಗೆ ಅಳುವ ಮುಖದಷ್ಟು ದಾನ ಮೊದಲ ದಿನ ಬರಲಿಕ್ಕಿಲ್ಲ. ಅದನ್ನು ಒಪ್ಪಿಕೊಂಡೇ ಕೆಲಸ ಮಾಡಬೇಕು.

ಇನ್ನು ಅಂಕಿಅಂಶಗಳು. ‘ಎಲ್ಲ ಉತ್ಪ್ರೇಕ್ಷೆ’ ಎಂಬುದು ಸುಳ್ಳು. ಆದರೆ ಸಂಸ್ಥೆಗಳು ತಮಗೆ ಬೇಕಾದ ಸಂಖ್ಯೆ ಆರಿಸಿಕೊಳ್ಳುತ್ತವೆ ಎಂಬುದು ನಿಜ. ವಿಶ್ವಸಂಸ್ಥೆಯ ಐದು ಸಂಸ್ಥೆಗಳು ಸೇರಿ ಪ್ರತಿ ವರ್ಷ ಕೊಡುವ ವರದಿಯ ಪ್ರಕಾರ 2024ರಲ್ಲಿ ಹಸಿವಿನಲ್ಲಿದ್ದವರು ಸುಮಾರು 67.3 ಕೋಟಿ. ಅದೇ ವರದಿಯಲ್ಲಿ ಆಹಾರದ ಭದ್ರತೆ ಇಲ್ಲದವರು ಸುಮಾರು 230 ಕೋಟಿ, ಪೌಷ್ಟಿಕ ಊಟ ಕೊಳ್ಳಲಾಗದವರು ಸುಮಾರು 260 ಕೋಟಿ. ಬೇರೊಂದು ವರದಿಯಲ್ಲಿ, 53 ದೇಶಗಳಲ್ಲಿ ತೀವ್ರ ಆಹಾರ ಬಿಕ್ಕಟ್ಟಿನಲ್ಲಿದ್ದವರು 29.5 ಕೋಟಿಗೂ ಜಾಸ್ತಿ. ನಾಲ್ಕೂ ಸರಿ. ನಾಲ್ಕೂ ಬೇರೆ ಬೇರೆ ವಿಷಯ ಅಳೆಯುತ್ತವೆ. 260 ಕೋಟಿ ಜನ ಹಸಿದಿದ್ದಾರೆ ಎಂದು ಕರಪತ್ರದಲ್ಲಿ ಬರೆದರೆ ಅದು ಸುಳ್ಳಾಗುತ್ತದೆ, ಸಂಖ್ಯೆ ಸರಿಯಿದ್ದರೂ.

ಇನ್ನೊಂದು. 2024ರ ವರದಿ ಅದರ ಹಿಂದಿನ ವರ್ಷಕ್ಕೆ 73.3 ಕೋಟಿ ಎಂದಿತ್ತು. ಮರುವರ್ಷ 67.3. ಒಂದೇ ವರ್ಷದಲ್ಲಿ ಆರು ಕೋಟಿ ಜನ ಹೊಟ್ಟೆ ತುಂಬಿಸಿಕೊಂಡರು ಎಂದು ಹೊಗಳಿಕೊಳ್ಳಬೇಡಿ. ಇದು ಮನೆ ಮನೆ ಎಣಿಸಿದ್ದಲ್ಲ, ಲೆಕ್ಕ ಹಾಕಿದ ಅಂದಾಜು. ಹೊಸ ಸಮೀಕ್ಷೆ ಬಂದಾಗ ಹಳೆಯ ವರ್ಷಗಳ ಅಂದಾಜೂ ಬದಲಾಗುತ್ತದೆ.

ನಿಮ್ಮ ಮಾವನವರ ಮನಸ್ಸಿನಲ್ಲಿ ಇರುವುದು ಪ್ರಾಯಶಃ ಜಾಗತಿಕ ಹಸಿವು ಸೂಚ್ಯಂಕ. 2024ರಲ್ಲಿ ಭಾರತಕ್ಕೆ 127 ದೇಶಗಳಲ್ಲಿ 105ನೇ ಸ್ಥಾನ. ಸರಕಾರಕ್ಕೆ ಈ ಸೂಚ್ಯಂಕದ ಬಗ್ಗೆ ಆಕ್ಷೇಪ ಇದೆ. ನಾಲ್ಕು ಅಳತೆಗಳಲ್ಲಿ ಮೂರು ಮಕ್ಕಳ ಬಗ್ಗೆ ಇರುವಾಗ ಅದನ್ನು ಇಡೀ ದೇಶದ ಹಸಿವು ಎನ್ನುವುದು ಹೇಗೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಎಂದದ್ದು 2019–21ರ ಕೇಂದ್ರ ಸರಕಾರದ್ದೇ ಸಮೀಕ್ಷೆ. ಸ್ಥಾನದ ಜಗಳ ಬಿಟ್ಟು ಇದರ ಬಗ್ಗೆ ಮಾತಾಡಿದರೆ ಯಾರೂ ತಳ್ಳಿಹಾಕಲಾರರು. ಅದೇ ರೀತಿ, ‘ಇಷ್ಟು ಸೆಕೆಂಡಿಗೆ ಒಂದು ಮಗು ಹಸಿವಿನಿಂದ ಸಾಯುತ್ತದೆ’ ಎಂಬ ಸಾಲು ಕಂಡಲ್ಲಿ ಪೆನ್ನು ಹಿಡಿಯಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಐದು ವರ್ಷದೊಳಗಿನ ಮಕ್ಕಳ ಸಾವಿನಲ್ಲಿ ಸುಮಾರು ಅರ್ಧಕ್ಕೆ ಅಪೌಷ್ಟಿಕತೆಯ ನಂಟು ಇದೆ ಎಂದು. ಮಗು ಸಾಯುವುದು ಭೇದಿಯಿಂದ, ನ್ಯುಮೋನಿಯಾದಿಂದ; ಅಪೌಷ್ಟಿಕತೆ ಅದನ್ನು ತಡೆದುಕೊಳ್ಳುವ ಶಕ್ತಿ ಕಳೆದಿರುತ್ತದೆ.

ಕ್ಷಾಮ ಎಂದು ಘೋಷಿಸಲಿಕ್ಕೂ ಅಳತೆ ಇದೆ. ಒಂದು ಪ್ರದೇಶದ ಕನಿಷ್ಠ ಶೇ. 20 ಮನೆಗಳಲ್ಲಿ ಆಹಾರದ ತೀವ್ರ ಕೊರತೆ, ಶೇ. 30 ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ, ದಿನಕ್ಕೆ 10,000 ಜನರಲ್ಲಿ ಇಬ್ಬರ ಸಾವು. 2011ರಲ್ಲಿ ಸೊಮಾಲಿಯಾ, 2017ರಲ್ಲಿ ದಕ್ಷಿಣ ಸುಡಾನ್, 2024ರಲ್ಲಿ ಸುಡಾನಿನ ಝಂಝಂ ಶಿಬಿರ, 2025ರಲ್ಲಿ ಗಾಜಾ. ಈ ಅಳತೆ ಮುಟ್ಟುವ ಹೊತ್ತಿಗೆ ಬಹಳ ಜನ ಸತ್ತಿರುತ್ತಾರೆ. ಹಾಗಾಗಿ ಘೋಷಣೆಗೆ ಕಾದು ಕೂರುವುದೂ ತಪ್ಪು, ಅದಕ್ಕೂ ಮೊದಲೇ ‘ಕ್ಷಾಮ ಬಂತು’ ಎಂದು ಕೂಗುವುದೂ ತಪ್ಪು. ಈ ಎರಡರ ನಡುವೆ ಪತ್ರಕರ್ತರಿಗೆ ಏನು ಹೇಳಬೇಕು ಎಂದು ರಾತ್ರಿ ಹನ್ನೊಂದಕ್ಕೆ ನಿಮ್ಮ ಫೋನಿಗೇ ಕರೆ ಬರುತ್ತದೆ.

ಅಲ್ಲೇ ಇನ್ನೊಂದು ಇಕ್ಕಟ್ಟು. ಸರಕಾರದ ತಪ್ಪನ್ನು ಜೋರಾಗಿ ಹೇಳಿದರೆ ಲಾರಿಗಳನ್ನು ಒಳಗೆ ಬಿಡುವುದಿಲ್ಲ. 2021ರಲ್ಲಿ ಇಥಿಯೋಪಿಯಾ ವಿಶ್ವಸಂಸ್ಥೆಯ ಏಳು ಹಿರಿಯ ಅಧಿಕಾರಿಗಳನ್ನು ದೇಶದಿಂದ ಹೊರಗೆ ಹಾಕಿತು. ಹೇಳದೆ ಸುಮ್ಮನಿದ್ದರೆ ನೀವೂ ಪಾಲುದಾರರು. ಇದಕ್ಕೆ ನನ್ನ ಹತ್ತಿರ ಸೂತ್ರ ಇಲ್ಲ. ಪ್ರತಿ ಸಲವೂ ಹೊಸದಾಗಿ ತೂಗಬೇಕು, ಅಲ್ಲಿನ ಸ್ಥಳೀಯ ಸಿಬ್ಬಂದಿಯನ್ನು ಮೊದಲು ಕೇಳಬೇಕು. ಏಟು ಬೀಳುವುದು ಅವರಿಗೆ. ಆದರೆ ಸಂಸ್ಥೆಯ ಒಳಗಿನ ಹುಳುಕಿನ ವಿಷಯದಲ್ಲಿ ಸಂಶಯವೇ ಬೇಡ. ಹೈಟಿಯಲ್ಲಿ ಸಿಬ್ಬಂದಿಯ ದುರ್ನಡತೆ ಬಗ್ಗೆ ಬ್ರಿಟನ್ನಿನ ನೆರವು ಸಂಸ್ಥೆ ಆಕ್ಸ್‌ಫಾಮ್ 2011ರಲ್ಲೇ ಒಳಗೆ ತನಿಖೆ ಮಾಡಿತ್ತು, ಹೊರಗೆ ಪೂರ್ತಿ ಹೇಳಿರಲಿಲ್ಲ. 2018ರಲ್ಲಿ ಪತ್ರಿಕೆಯಲ್ಲಿ ಬಂದಾಗ ಕೆಲವೇ ದಿನಗಳಲ್ಲಿ ಸಾವಿರಾರು ದಾನಿಗಳು ಕೈಬಿಟ್ಟರು.

ಇಷ್ಟು ಹೇಳಿದ್ದು ಯಾಕೆಂದರೆ, ಈ ಹುದ್ದೆಯ ಮುಖ್ಯ ಕೆಲಸ ಬರೆಯುವುದಲ್ಲ. ಬರೆಯುವವರು ನಿಮ್ಮ ಕೈಕೆಳಗೆ ಇರುತ್ತಾರೆ. ಯಾವ ಫೋಟೋ ಹೋಗಬಾರದು, ಯಾವ ಸಂಖ್ಯೆ ಹೋಗಬಾರದು ಎಂದು ಒಳಗೆ ನಿಂತು ತಡೆಯುವುದೇ ನಿಮ್ಮ ದಿನದ ಅರ್ಧ ಕೆಲಸ. ಆ ಅಧಿಕಾರ ಹುದ್ದೆಗೆ ಇಲ್ಲದಿದ್ದರೆ ನಿಮ್ಮ ಒಳ್ಳೆಯ ಮನಸ್ಸಿನಿಂದ ಏನೂ ಆಗುವುದಿಲ್ಲ. ಆದ್ದರಿಂದ ಸಂಸ್ಥೆಯನ್ನು ಕೇಳಬೇಕಾದ ಮೊದಲ ಪ್ರಶ್ನೆ: ಸಂವಹನ ಮುಖ್ಯಸ್ಥೆ ಯಾರಿಗೆ ವರದಿ ಮಾಡಬೇಕು? ಸಂಸ್ಥೆಯ ಮುಖ್ಯಸ್ಥರಿಗೋ, ನಿಧಿ ಸಂಗ್ರಹದ ಮುಖ್ಯಸ್ಥರಿಗೋ? ಎರಡನೆಯದಾದರೆ ನಾನು ಹೋಗುವುದಿಲ್ಲ. ಆ ವ್ಯವಸ್ಥೆಯಲ್ಲಿ ತಿಂಗಳ ಕೊನೆಗೆ ಗುರಿ ಮುಟ್ಟದಾಗ ಯಾರ ಮಾತು ನಡೆಯುತ್ತದೆ ಎಂದು ಊಹಿಸಬಹುದು. ಸಂದರ್ಶನದಲ್ಲಿ ಆ ಫೋಟೋ ಕೊಟ್ಟದ್ದು ನಿಮ್ಮನ್ನು ಪರೀಕ್ಷಿಸಲಿಕ್ಕೂ ಇರಬಹುದು, ಅದು ಅವರ ನಿತ್ಯದ ಪದ್ಧತಿಯೂ ಇರಬಹುದು. ನೇರವಾಗಿ ಕೇಳಿ. ಕಳೆದ ಒಂದು ವರ್ಷದಲ್ಲಿ ಸಂವಹನ ವಿಭಾಗ ತಡೆದ ಒಂದು ಪ್ರಚಾರದ ಉದಾಹರಣೆ ಕೊಡಿ ಎನ್ನಿ. ಉತ್ತರಕ್ಕಿಂತ ಅವರು ಎಷ್ಟು ಹೊತ್ತು ತಡವರಿಸುತ್ತಾರೆ ಎಂಬುದೇ ಬೇಕಾದಷ್ಟು ಹೇಳುತ್ತದೆ.

ಭಾಷೆಯ ಭಯ ಬಿಡಿ. ಇಂಗ್ಲಿಷ್ ಬೇಕೇ ಬೇಕು, ಆದರೆ ಬೇಕಾದದ್ದು ನೇರ ಇಂಗ್ಲಿಷ್. ಸಂದರ್ಶನದ ಪತ್ರ ಬರೆದು ಆಯ್ಕೆಯಾದವರಿಗೆ ಅದು ಇದ್ದೇ ಇದೆ. ಮನೆಯಲ್ಲಿ ಒಂದು ಮಾತು, ತೋಟದಲ್ಲಿ ತುಳು, ಕಚೇರಿಯಲ್ಲಿ ಮಲೆಯಾಳ ಎಂದು ಬೆಳೆದವರಿಗೆ ಭಾಷಾಂತರಕಾರರ ಜೊತೆ ಕೆಲಸ ಮಾಡುವುದು ಹೊಸತೇನಲ್ಲ. ಯಾವ ಮಾತು ದಾರಿಯಲ್ಲಿ ಕಳೆದುಹೋಗುತ್ತದೆ ಎಂದು ನಿಮಗೆ ಬೇಗ ಗೊತ್ತಾಗುತ್ತದೆ. ಫ್ರೆಂಚ್ ಅಥವಾ ಅರಬಿ ಕಲಿಯಲು ಶುರು ಮಾಡಿದರೆ ಮುಂದೆ ದಾರಿ ಅಗಲ.

ಭದ್ರತೆ ಬಗ್ಗೆ ಮಾತ್ರ ಸಮಾಧಾನ ಹೇಳಲಾರೆ. ಈ ಕ್ಷೇತ್ರಕ್ಕೆ ಕೆಟ್ಟ ಕಾಲ ಇದು. ಅಮೆರಿಕ 2025ರಲ್ಲಿ, ಬೇರೆ ದೇಶಗಳಿಗೆ ನೆರವು ಕೊಡುತ್ತಿದ್ದ ತನ್ನ ಯುಎಸ್ಏಡ್ ಸಂಸ್ಥೆಯನ್ನೇ ಮುಚ್ಚಿತು. 2020ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ, ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮವೇ 2025ಕ್ಕೆ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 40 ಕಡಿಮೆ ಹಣ ಬರಬಹುದು ಎಂದಿತ್ತು. ಅದು ಪೂರ್ತಿ ನಡೆಯುವುದು ಸ್ವಯಂಪ್ರೇರಿತ ದೇಣಿಗೆಯಿಂದ. ಹಣ ಕಡಿಮೆಯಾದರೆ ಮೊದಲು ಕತ್ತರಿ ಬೀಳುವ ವಿಭಾಗಗಳಲ್ಲಿ ನಿಮ್ಮದೂ ಒಂದು. ಹೀಗಾಗಿ ಒಪ್ಪಂದ ಎಷ್ಟು ಕಾಲದ್ದು, ನಿಮ್ಮ ಸಂಬಳ ಒಂದೇ ದಾನಿಯ ಯೋಜನೆಯಿಂದ ಬರುತ್ತದೆಯೇ ಅಥವಾ ಸಂಸ್ಥೆಯ ಸಾಮಾನ್ಯ ನಿಧಿಯಿಂದಲೇ, ಮಧ್ಯದಲ್ಲಿ ನಿಲ್ಲಿಸಿದರೆ ಎಷ್ಟು ತಿಂಗಳ ಸಂಬಳ, ಊರಿಗೆ ಬರುವ ಖರ್ಚು ಯಾರದು, ಆರೋಗ್ಯ ವಿಮೆ ಮನೆಯವರಿಗೂ ಇದೆಯೇ ಎಂದು ಕೇಳಿ. ಗಲ್ಫಿಗೆ ಹೋಗುವವರು ಏಜೆಂಟನ್ನು ಕೇಳುವಷ್ಟೇ ನಿಷ್ಠುರವಾಗಿ ಕೇಳಿ. ಅಂದ ಹಾಗೆ, ವಿಶ್ವಸಂಸ್ಥೆಯಲ್ಲಾಗಲಿ ಒಳ್ಳೆಯ ಸಂಸ್ಥೆಗಳಲ್ಲಾಗಲಿ ಕೆಲಸ ಕೊಡಲು ಹಣ ಕೇಳುವುದಿಲ್ಲ. ವೀಸಾ, ಸಂಸ್ಕರಣಾ ಶುಲ್ಕ ಎಂದು ಒಂದು ರೂಪಾಯಿ ಕೇಳಿದರೂ ಅದು ಮೋಸ.

ನಿಮ್ಮ ಮುಂದೆ ಮೂರು ದಾರಿ ಕಾಣುತ್ತವೆ. ತಡೆಯುವ ಅಧಿಕಾರ ಇದೆ, ಒಪ್ಪಂದ ಕನಿಷ್ಠ ಎರಡು ವರ್ಷದ್ದು ಎಂದಾದರೆ ಹೋಗಿ. ಅಪಾಯ ಇದೆ, ಆದರೆ ಈ ವಯಸ್ಸಿಗೆ ತೆಗೆದುಕೊಳ್ಳಬಹುದಾದ ಅಪಾಯ. ಅಧಿಕಾರದ ಬಗ್ಗೆ ಉತ್ತರ ಹಾರಿಕೆಯದಾದರೆ, ಆರು ತಿಂಗಳ ಸಲಹೆಗಾರ್ತಿಯಾಗಿ ಊರಿನಿಂದಲೇ ಕೆಲಸ ಮಾಡುತ್ತೇನೆ, ಒಪ್ಪಿಗೆ ಮತ್ತು ಫೋಟೋ ನೀತಿಯನ್ನು ಬರೆದುಕೊಡುತ್ತೇನೆ ಎಂದು ಕೇಳಬಹುದು. ಹಣ ಕಡಿಮೆ, ವಿಮೆ ಇರುವುದಿಲ್ಲ, ಆದರೆ ಸಂಸ್ಥೆಯ ಒಳಗು ಗೊತ್ತಾಗುತ್ತದೆ. ಮೂರನೆಯದು ಈಗಿರುವಲ್ಲೇ ಉಳಿಯುವುದು. ವಿದೇಶಿ ದೇಣಿಗೆಯ ಕಾನೂನು 2020ರಲ್ಲಿ ಬಿಗಿಯಾದ ಮೇಲೆ ಆ ಹಣದಲ್ಲಿ ಆಡಳಿತದ ಖರ್ಚು ಶೇ. 20 ದಾಟುವಂತಿಲ್ಲ. ನಿಮ್ಮ ಈಗಿನ ಸಂಸ್ಥೆ ವಿದೇಶಿ ಹಣ ನೆಚ್ಚಿಕೊಂಡಿದ್ದರೆ ಅಲ್ಲಿಯೂ ನೆಲ ಅಷ್ಟೇನೂ ಗಟ್ಟಿ ಇಲ್ಲ ಎಂಬುದು ಲೆಕ್ಕದಲ್ಲಿರಲಿ.

ಮೊದಲನೆಯದು ಕೈಗೂಡಿದರೆ ನಾನು ಅದನ್ನೇ ಆರಿಸುತ್ತೇನೆ. ಈ ವಾರವೇ ಅವರಿಗೆ ಬರೆಯಿರಿ: ಯಾರಿಗೆ ವರದಿ ಮಾಡಬೇಕು, ಫೋಟೋ ಮತ್ತು ಅಂಕಿಅಂಶದ ಕೊನೆಯ ಮಾತು ಯಾರದ್ದು, ಸಂಬಳದ ಮೂಲ ಯಾವುದು. ಫೋನಿನಲ್ಲಿ ಹೇಳಿದರೆ ‘ದಯವಿಟ್ಟು ಇಮೇಲ್ ಮಾಡಿ’ ಎನ್ನಿ. ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಡುವುದು ಆ ಇಮೇಲ್ ಬಂದ ಮೇಲೆ.